ದೀಪವಾರಿಸಿದರೆ ದೋಷವಳಿಯದು

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ವ್ಯಾನು ನಡೆಸಿ ಹೊಟ್ಟೆ ಹೊರೆಯುವ ನಮ್ಮ ಬಂಧುಗಳಿಗೆ ಎರಡು ಚಿಂತೆಗಳು ಅಂಟಿಕೊಳ್ಳುತ್ತವೆ. ಹಿಂದಮಾತಾ, ಸಾಯನ್ ಕಡೆಗಳಲ್ಲಿ ರಸ್ತೆಯ ಮೇಲೆ ನಿಲ್ಲುವ ನೀರು ಒಂದು. ಆ ನೀರನ್ನು ದಾಟಿ ಬಂದ ಮೇಲೆ ಮೀಟರಿನ ಪಕ್ಕದಲ್ಲಿ ಹತ್ತಿಕೊಳ್ಳುವ ಎಂಜಿನಿನ ಆಕಾರದ ಹಳದಿ ದೀಪ ಇನ್ನೊಂದು. ನೀರಂತೂ ಎರಡು ಗಂಟೆಯಲ್ಲಿ ಇಳಿದುಹೋದೀತು. ದೀಪ ಇಳಿಯುವುದಿಲ್ಲ. ಈ ದೀಪದ ವಿಷಯದಲ್ಲಿ ನಮ್ಮವರಲ್ಲಿ ಬೆಳೆದುಬಂದಿರುವ ಒಂದು ತಪ್ಪು ಪದ್ಧತಿಯನ್ನು ಕುರಿತು ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿದೆ.

ಸಂಘದ ಸದಸ್ಯರೊಬ್ಬರಿಗೆ ಒದಗಿದ ಕಷ್ಟವನ್ನು ಮೊದಲು ಹೇಳುತ್ತೇವೆ. ಅವರದು 2014ರ ಮಾರುತಿ ಈಕೋ ವ್ಯಾನು, ಸಿ.ಎನ್.ಜಿ. ಜೋಡಿಸಿದ್ದು. ಬೆಳಗ್ಗೆ ಶಾಲೆಯ ಮಕ್ಕಳು, ಆಮೇಲೆ ಆಫೀಸಿನ ಮಂದಿ, ಸಂಜೆ ಸಿಕ್ಕಿದ ಬಾಡಿಗೆ. ಜುಲೈ ತಿಂಗಳಲ್ಲಿ ದೀಪ ಹತ್ತಿತು. ಗ್ಯಾರೇಜಿನಲ್ಲಿ ಮಿಸ್ತ್ರಿಯು ಸ್ಟಿಯರಿಂಗಿನ ಕೆಳಗೆ ಒಂದು ಯಂತ್ರ ಚುಚ್ಚಿ, ಎರಡು ಗುಂಡಿ ಒತ್ತಿ, ದೀಪವನ್ನು ಆರಿಸಿ, ಐದುನೂರು ರೂಪಾಯಿ ಪಡೆದನು. ನಾಲ್ಕು ದಿನದ ಮೇಲೆ ದೀಪ ಮತ್ತೆ ಬಂದಿತು. ಮತ್ತೆ ಆರಿಸಿದ್ದಾಯಿತು, ಮತ್ತೆ ಐದುನೂರು. ಮೂರನೆಯ ಸಲವೂ ಇದೇ ಕಥೆ. ಏನು ದೋಷವೆಂದು ಇವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಮೇಲೆ ಒಂದು ದಿನ ಮೇಲ್ಸೇತುವೆ ಹತ್ತುವಾಗ ದೀಪ ಮಿಣುಕತೊಡಗಿತು, ಗಾಡಿ ನಡುಗಿತು. ಬಾಡಿಗೆ ತಪ್ಪೀತೆಂದು ಇವರು ನಡೆಸುತ್ತಲೇ ಹೋದರು. ದೀಪಾವಳಿಯ ಹೊತ್ತಿಗೆ ಗಾಡಿಯಲ್ಲಿ ಎಳೆತವೇ ಇಲ್ಲದಾಯಿತು. ಬೇರೆ ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ, ಒಂದು ಸಿಲಿಂಡರಿನ ಕಾಯಿಲು ಸತ್ತಿತ್ತು. ಅದರ ದೆಸೆಯಿಂದ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರು ಕರಗಿ ಕಟ್ಟಿಕೊಂಡಿತ್ತು. ಒಂದು ಕಾಯಿಲಿನ ಖರ್ಚಿನಲ್ಲಿ ಮುಗಿಯಬೇಕಾಗಿದ್ದ ಕೆಲಸ ಅದರ ಹಲವು ಪಟ್ಟು ಸಾಲದಲ್ಲಿ ಮುಗಿಯಿತು. ಗಾಡಿ ಆರು ದಿನ ನಿಂತಿತು. ಮಕ್ಕಳ ತಾಯಿತಂದೆಗಳು ಬೇರೆ ವ್ಯಾನು ಗೊತ್ತುಮಾಡಿಕೊಂಡರು.

ಇದು ಒಬ್ಬರ ದುರದೃಷ್ಟವೆಂದು ತಳ್ಳಿಹಾಕುವಂತಿಲ್ಲ. ದೀಪ ಆರಿಸುವುದೇ ರಿಪೇರಿ ಎಂಬ ಭ್ರಮೆ ನಮ್ಮಲ್ಲಿ ಅನೇಕರಿಗಿದೆ. ಬೊಗಳುವ ನಾಯಿಯ ಬಾಯಿ ಕಟ್ಟಿದರೆ ಕಳ್ಳನು ಓಡಿಹೋಗುವನೆ?

ಈ ದೀಪ ಹುಟ್ಟಿದ್ದೇಕೆಂಬುದನ್ನು ತಿಳಿದರೆ ಅದರ ಮಾತೂ ತಿಳಿಯುತ್ತದೆ. ಹೊಗೆಯ ಕಾಟ ತಡೆಯುವುದಕ್ಕಾಗಿ ಹುಟ್ಟಿದ ಕಾನೂನಿನ ಕೂಸು ಇದು. ಅಮೆರಿಕೆಯಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ ತಪಾಸಣೆಯ ಏರ್ಪಾಡು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಾಲ್ಕರ ನಿಯಮಗಳೊಡನೆ 2010ರ ಏಪ್ರಿಲಿನಿಂದ ಇದರ ಮೊದಲ ಹಂತವೂ, 2013ರ ಏಪ್ರಿಲಿನಿಂದ ಎರಡನೆಯ ಹಂತವೂ ಬಂದವು. ಎಂಜಿನಿನ ಕಂಪ್ಯೂಟರು ಹಗಲಿರುಳು ತನ್ನ ಸೆನ್ಸರುಗಳನ್ನು ಕೇಳುತ್ತಿರುತ್ತದೆ. ಲೆಕ್ಕ ತಪ್ಪಿದರೆ ಒಂದು ಕೋಡನ್ನು ಬರೆದಿಡುತ್ತದೆ. ಅನೇಕ ದೋಷಗಳಿಗೆ ಮೊದಲನೆಯ ಸಲ ಸುಮ್ಮನೆ ಗುರುತು ಹಾಕಿಕೊಂಡು, ಎರಡನೆಯ ಓಟದಲ್ಲಿಯೂ ಅದೇ ಕಂಡರೆ ಮಾತ್ರ ದೀಪ ಹತ್ತಿಸುತ್ತದೆ. ಅಂದರೆ ದೀಪ ಬಂದಾಗ ಅದು ಆತುರದಿಂದ ಹೇಳಿದ ಮಾತಲ್ಲ, ಯೋಚಿಸಿ ಹೇಳಿದ ಮಾತು.

ಕೋಡಿನ ಭಾಷೆ ಬ್ರಹ್ಮವಿದ್ಯೆಯೇನೂ ಅಲ್ಲ. ಎಂಜಿನಿನ ಕೋಡುಗಳು 'ಪಿ' ಅಕ್ಷರದಿಂದ ಮೊದಲಾಗುತ್ತವೆ. ಅದರ ಮುಂದೆ ಸೊನ್ನೆ ಇದ್ದರೆ ಬಹುಮಟ್ಟಿಗೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡು; ಒಂದು ಇದ್ದರೆ ಆ ಗಾಡಿಯ ಕಂಪನಿಯದೇ ಸ್ವಂತದ್ದು. ಅದರಾಚೆಯ ಅಂಕಿ 1 ಆದರೆ ಗಾಳಿ ಮತ್ತು ಇಂಧನದ ಅಳತೆ, 3 ಆದರೆ ಕಿಡಿ, 4 ಆದರೆ ಹೊಗೆ. ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ. ಪಿ0302 ಎಂದರೆ ಎರಡನೆಯದರಲ್ಲಿ. ಪಿ0300 ಎಂದರೆ ಇಂಥದೇ ಎಂದಿಲ್ಲದೆ ಅಲ್ಲಲ್ಲಿ ತಪ್ಪುತ್ತಿದೆ. ಪಿ0171 ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಪಿ0420 ಎಂದರೆ ಕನ್ವರ್ಟರು ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲವೆಂಬ ಸಂದೇಹ.

ಆದರೆ ಇಲ್ಲಿಯೇ ಎಚ್ಚರ ಬೇಕು. ಕೋಡು ಹೇಳುವುದು ರೋಗದ ಲಕ್ಷಣವನ್ನು. ಯಾವ ಸಾಮಾನು ಕೆಟ್ಟಿದೆ ಎಂಬುದನ್ನಲ್ಲ. ಪಿ0171 ಕಂಡೊಡನೆ ಆಕ್ಸಿಜನ್ ಸೆನ್ಸರು ಬದಲಾಯಿಸುವ ಮಿಸ್ತ್ರಿಗಳಿದ್ದಾರೆ. ಆ ಸೆನ್ಸರು ಹೊಗೆಯನ್ನು ನೋಡಿ ಸಾಕ್ಷಿ ಹೇಳಿತು, ಅಷ್ಟೆ. ಸಾಕ್ಷಿ ಹೇಳಿದವನನ್ನೇ ಹಿಡಿದು ಜೈಲಿಗೆ ಹಾಕಿದರೆ ನ್ಯಾಯವಾದೀತೆ? ಎಂಜಿನಿನ ಒಳಗಾಳಿಯ ರಬ್ಬರು ಕೊಳವೆ ಸೀಳಿರಬಹುದು, ಪೆಟ್ರೋಲಿನ ಫಿಲ್ಟರು ಕಟ್ಟಿರಬಹುದು, ಸಿ.ಎನ್.ಜಿ. ಅಳತೆ ತಪ್ಪಿರಬಹುದು. ಯಂತ್ರದಲ್ಲಿ ಇಂಧನದ ತಿದ್ದುಪಡಿಯ ಅಂಕಿಯನ್ನು ನೋಡಬೇಕು. ನಿಂತಲ್ಲಿ ಆ ಅಂಕಿ ಏರಿದ್ದು, ಎಂಜಿನನ್ನು ಎರಡೂವರೆ ಸಾವಿರ ಸುತ್ತಿಗೆ ಏರಿಸಿದಾಗ ಇಳಿದರೆ ಕೊಳವೆಯಲ್ಲಿ ಗಾಳಿ ಸೋರುತ್ತಿರುವ ಸಂಭವವೇ ಹೆಚ್ಚು. ಭಾರ ಬಿದ್ದಾಗ ಏರಿದರೆ ಇಂಧನ ಸಾಲದಾಗಿದೆ.

ಕಿಡಿ ತಪ್ಪುವ ಕೋಡಿಗೆ ಇನ್ನೂ ಸುಲಭವಾದ ಪರೀಕ್ಷೆ ಇದೆ. ಪ್ಲಗ್ಗಿಗೆ ಒಂದೊಂದು ಕಾಯಿಲು ಇರುವ ಗಾಡಿಯಾದರೆ, ಒಂದನೆಯದರ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಹಾಕಿ ಓಡಿಸಬೇಕು. ಪಿ0301 ಹೋಗಿ ಪಿ0302 ಬಂದರೆ ಕಳ್ಳ ಸಿಕ್ಕಿದ ಹಾಗೆ, ಕಾಯಿಲೇ ಕೆಟ್ಟಿದೆ. ಕೋಡು ಇದ್ದಲ್ಲಿಯೇ ಇದ್ದರೆ ಪ್ಲಗ್ಗು, ಇಂಜೆಕ್ಟರು, ಕಂಪ್ರೆಶನ್ನು ನೋಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಸಿ.ಎನ್.ಜಿ. ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಆದುದರಿಂದ ಸವೆದ ಪ್ಲಗ್ಗು ಪೆಟ್ರೋಲಿನಲ್ಲಿ ಸುಮ್ಮನಿದ್ದು ಸಿ.ಎನ್.ಜಿ.ಯಲ್ಲಿ ತಕರಾರು ಮಾಡುತ್ತದೆ. ಒಂದು ದಿನ ಪೆಟ್ರೋಲಿನಲ್ಲಿಯೇ ಓಡಿಸಿ ನೋಡುವುದೂ ಒಂದು ಪರೀಕ್ಷೆಯೇ. ಮಳೆಗಾಲದಲ್ಲಿ ವಯರುಗಳ ಜೋಡಣೆಯೊಳಗೆ ನೀರು ಹೋಗಿದೆಯೆ, ಹಸಿರು ಕಿಲುಬು ಹಿಡಿದಿದೆಯೆ ಎಂಬುದನ್ನೂ ಮರೆಯದೆ ನೋಡತಕ್ಕದ್ದು.

"ದೀಪ ಹತ್ತಿದಾಗಲೆಲ್ಲ ಗಾಡಿ ನಿಲ್ಲಿಸಿದರೆ ಮನೆಯ ಒಲೆ ಹತ್ತುವುದು ಹೇಗೆ?" ಎಂದು ನಮ್ಮ ಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೀಪ ಒಂದೇ ಸಮನೆ ಉರಿಯುತ್ತಿದ್ದು, ಎಳೆತ, ಸದ್ದು, ಬಿಸಿ ಎಲ್ಲವೂ ಸರಿಯಾಗಿದ್ದರೆ ಆ ದಿನದ ದುಡಿಮೆ ಮುಗಿಸಿ ಸಂಜೆ ತೋರಿಸಬಹುದು. ಆದರೆ ದೀಪ ಮಿಣುಕಿದರೆ ಮಾತು ಬೇರೆ. ಸುಡದೆ ಉಳಿದ ಇಂಧನ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದು ಅದರ ಅರ್ಥ. ಜೇನುಗೂಡಿನಂಥ ಒಳಮೈ ಆ ಬಿಸಿಗೆ ಕರಗುತ್ತದೆ. ಅದರ ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳಿರುವುದರಿಂದಲೇ ಹೊಸದಕ್ಕೆ ಅಷ್ಟು ಬೆಲೆ. ಮಿಣುಕಿದಾಗ ವೇಗ ತಗ್ಗಿಸಿ ಬದಿಗೆ ನಿಲ್ಲಿಸುವುದೇ ಲಾಭ. ಎಣ್ಣೆಯ ಕೆಂಪು ದೀಪಕ್ಕಾಗಲಿ ಬಿಸಿಯ ಕೆಂಪು ದೀಪಕ್ಕಾಗಲಿ ಒಂದು ನಿಮಿಷದ ರಿಯಾಯತಿಯೂ ಇಲ್ಲ.

ಹಾಗಾದರೆ ಕೋಡನ್ನು ಅಳಿಸಲೇಬಾರದೆ? ಅಳಿಸಬೇಕು, ರಿಪೇರಿಯ ಮುಂಚೆ ಅಲ್ಲ, ರಿಪೇರಿಯ ನಂತರ. ಕೋಡಿನೊಡನೆ ಕಂಪ್ಯೂಟರು ಆ ಕ್ಷಣದ ಚಿತ್ರವನ್ನೂ ಬರೆದಿಟ್ಟಿರುತ್ತದೆ. ಎಂಜಿನಿನ ಸುತ್ತು ಎಷ್ಟು, ವೇಗ ಎಷ್ಟು, ನೀರಿನ ಬಿಸಿ ಎಷ್ಟು ಎಂಬ ವಿವರ ಅದು. ಅಳಿಸಿದೊಡನೆ ಅದೂ ಹೋಗುತ್ತದೆ. ಗಾಡಿ ತಾನೇ ಮಾಡಿಕೊಂಡ ತಪಾಸಣೆಗಳೆಲ್ಲ ಮೊದಲಿನಿಂದ ಆಗಬೇಕಾಗುತ್ತದೆ. ಬ್ಯಾಟರಿಯ ವಯರು ಕಿತ್ತು ಆರಿಸುವುದೂ ಇದೇ ಅನಾಹುತ. ದೋಷ ನಿಜವಾಗಿ ಹೋಗಿದ್ದರೆ, ಸಾಮಾನ್ಯವಾಗಿ ಮೂರು ಓಟ ಸರಿಯಾಗಿ ಆದ ಮೇಲೆ ದೀಪ ತಾನಾಗಿಯೇ ಆರುತ್ತದೆ; ಎಂಜಿನು ನಲವತ್ತು ಸಲ ಕಾದು ತಣಿದ ಮೇಲೆ ಕೋಡೂ ಅಳಿದುಹೋಗುತ್ತದೆ. ಸತ್ಯವಾದ ರಿಪೇರಿಗೆ ಗುಂಡಿ ಒತ್ತುವ ಅವಸರವೇ ಇಲ್ಲ.

ಕಾರ್ಮಿಕರಾದ ನಮಗೆ ಇದು ಹೊಸ ಪಾಠವಲ್ಲ. ಕಾರಖಾನೆಯಲ್ಲಿ ಕೊಟ್ಟ ಅಹವಾಲಿನ ಕಾಗದವನ್ನು ಓದದೆ ಹರಿದುಹಾಕಿ, "ಈಗ ಯಾವ ತಕರಾರೂ ಇಲ್ಲ" ಎನ್ನುವ ಮ್ಯಾನೇಜರನ್ನು ನಾವು ಕಂಡಿದ್ದೇವೆ. ಅಂಥವನ ಮೇಲೆ ಸಿಟ್ಟಾಗುವ ನಾವೇ ನಮ್ಮ ಗಾಡಿಯ ಅಹವಾಲನ್ನು ಓದದೆ ಹರಿಯುವುದು ತರವೆ?

ಆದುದರಿಂದ ನಮ್ಮ ಸೂಚನೆಗಳು ಇವು. ಚಾಲಕ ಬಂಧುಗಳು ಕೋಡಿನ ಸಂಖ್ಯೆಯನ್ನು ಬರೆಸಿಕೊಳ್ಳದೆ ಅಳಿಸಲು ಬಿಡಬಾರದು. ಯಂತ್ರದ ಪರದೆಯ ಫೋಟೋವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಗ್ಯಾರೇಜಿನವರು ಬಿಲ್ಲಿನಲ್ಲಿ ಕೋಡು ಬರೆದು, ಬದಲಾಯಿಸಿದ ಹಳೆಯ ಸಾಮಾನನ್ನು ಕೈಗೆ ಕೊಡಬೇಕು. ಒಳ್ಳೆಯ ಮಿಸ್ತ್ರಿಗೆ ಇದರಲ್ಲಿ ಅವಮಾನವಿಲ್ಲ. ಹುಡುಕುವ ಶ್ರಮಕ್ಕೂ ಕೂಲಿಯುಂಟೆಂದು ನಾವೂ ಒಪ್ಪಬೇಕು. ಹುಡುಕದೆ ಆರಿಸುವ ಕೈಗೆ ಮೂರು ಸಲ ಕೊಟ್ಟ ಹಣವನ್ನು ಹುಡುಕುವ ತಲೆಗೆ ಒಂದು ಸಲ ಕೊಟ್ಟರೆ ನಷ್ಟವಿಲ್ಲ. ಗಾಡಿಯ ಧಣಿ ಬೇರೆ, ನಡೆಸುವವನು ಬೇರೆ ಆಗಿರುವಲ್ಲಿ, ಮಿಣುಕುವ ದೀಪ ಕಂಡು ಗಾಡಿ ನಿಲ್ಲಿಸಿದ ಚಾಲಕನ ಆ ದಿನದ ಸಂಬಳವನ್ನು ಧಣಿಗಳು ಮುರಿಯಬಾರದು. ಅವನು ಉಳಿಸಿದ್ದು ಅವರ ಸೊತ್ತನ್ನೇ.

ಕೊನೆಯದಾಗಿ ಸಂಘಕ್ಕೆ ಒಂದು ಮಾತು. ಫೋನಿಗೆ ಜೋಡಿಸಿ ಕೋಡು ಓದುವ ಸಣ್ಣ ಯಂತ್ರ ಇಂದು ಒಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. 2013ಕ್ಕಿಂತ ಹಳೆಯ ಕೆಲವು ಗಾಡಿಗಳು ಇದಕ್ಕೆ ಉತ್ತರ ಕೊಡಲಾರವು. ಉಳಿದವುಗಳಿಗೆ ಇದು ಸಾಕು. ಇಂಥದೊಂದನ್ನು ಕೊಂಡು ಕಚೇರಿಯಲ್ಲಿಟ್ಟು, ಇಬ್ಬರು ಮೂವರು ತರುಣರಿಗೆ ಕಲಿಸಿ, ಭಾನುವಾರ ಬೆಳಗ್ಗೆ ಒಂದು ಗಂಟೆ ಸದಸ್ಯರ ಗಾಡಿಗಳನ್ನು ನೋಡುವ ಏರ್ಪಾಡಾಗಲಿ. ಯಾರ ಗಾಡಿಗೆ ಯಾವ ಕೋಡು ಬಂದಿತ್ತು, ಯಾವುದರಿಂದ ಗುಣವಾಯಿತು ಎಂದು ಕನ್ನಡದಲ್ಲಿ ಒಂದು ವಹಿ ಇಡಲಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ವಹಿ ನಮ್ಮೆಲ್ಲರ ಆಸ್ತಿಯಾದೀತು.

ಆರು ದಿನ ದುಡಿಮೆ ಕಳೆದುಕೊಂಡ ನಮ್ಮ ಸದಸ್ಯರು ಆ ವಹಿಯ ಮೊದಲ ಪುಟಕ್ಕೆ ತಮ್ಮ ಗಾಡಿಯ ವಿವರ ಕೊಡಲು ಒಪ್ಪಿದ್ದಾರೆ. ಎರಡನೆಯ ಪುಟ ಯಾರದು?