ಮನೆಯ ಅಳತೆಗೆ ಟೆಲಿವಿಷನ್

ದುಡಿಯುವವನ ಮನೆಗೆ ಟೆಲಿವಿಷನ್ ಏತಕ್ಕೆ ಎಂದು ಕೇಳುವ ದೊಡ್ಡ ಮನುಷ್ಯರು ಇನ್ನೂ ಇದ್ದಾರೆ. ಅವರ ಹಜಾರದಲ್ಲಿ 55 ಇಂಚಿನ ಪರದೆ ಇದ್ದರೆ ಅದು ಅನುಕೂಲ. ಕಾರ್ಖಾನೆಯ ಕೆಲಸಗಾರನ ನಡುಮನೆಯಲ್ಲಿ 32 ಇಂಚಿನದು ಕಂಡರೆ ಅದು ದುಂದು! ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವನಿಗೂ, ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೂ, ಈ ಇಬ್ಬರಿಗಿಂತ ಹೆಚ್ಚು ದುಡಿದು ಲೆಕ್ಕಕ್ಕೆ ಬಾರದೆ ಹೋದ ಮನೆಯ ಹೆಂಗಸಿಗೂ ಸಂಜೆ ಒಂದು ಗಳಿಗೆ ನಗುವ, ನಾಡಿನ ಸುದ್ದಿ ತಿಳಿಯುವ ಹಕ್ಕಿದೆ.

ನಮ್ಮ ಪ್ರಶ್ನೆ ಬೇರೆ. ಈ ಚಪ್ಪಟೆ ಪರದೆ ಮನೆಗೆ ಬರುವಾಗ ಆಳಾಗಿ ಬರುತ್ತದೆಯೋ, ಒಡೆಯನಾಗಿ ಬರುತ್ತದೆಯೋ? ಹಬ್ಬ ಬಂತೆಂದರೆ ಹೊಳಲಿನಿಂದಲೂ, ಮದ್ದೂರು ಮಳವಳ್ಳಿಯ ಕಡೆಯಿಂದಲೂ ಜನ ಪೇಟೆಗೆ ಬಂದು ಅಂಗಡಿಯ ಥಳಕಿನ ಮುಂದೆ ನಿಲ್ಲುತ್ತಾರೆ. ಕೊಳ್ಳುವುದು ಅರ್ಧ ಗಂಟೆಯ ಕೆಲಸ. ಅದರ ಜೊತೆ ಬಾಳುವುದು ಹಲವು ವರ್ಷದ ಕೆಲಸ. ಆದ್ದರಿಂದ ಈ ವಾರ ಇದರ ಲೆಕ್ಕವನ್ನೇ ವಾಚಕರ ಮುಂದಿಡುತ್ತೇವೆ.

ಮೊದಲು ಒಂದು ಹಳೆಯ ಸಂಗತಿ. ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಾರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ದೊಡ್ಡ ಪ್ರಮಾಣದಲ್ಲಿ ಹಳ್ಳಿಯ ಕಡೆ ಅದು ಮುಖ ಮಾಡಿದ್ದು 1975ರ ಆಗಸ್ಟ್‌ನಲ್ಲಿ. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ಬೇಸಾಯ, ಆರೋಗ್ಯ, ಶಾಲೆಯ ಪಾಠಗಳನ್ನು ತೋರಿಸಿದರು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಊರಿಗೊಂದು ಪೆಟ್ಟಿಗೆ, ಊರವರೆಲ್ಲ ಒಟ್ಟಿಗೆ ಕುಳಿತು ನೋಡುವುದು. 1981ರಲ್ಲಿ ಬೆಂಗಳೂರಿನ ಕೇಂದ್ರ ಬಂತು, 1982ರಲ್ಲಿ ಬಣ್ಣ ಬಂತು. ಆಮೇಲೆ ಊರಿಗೊಂದಿದ್ದದ್ದು ಮನೆಗೊಂದಾಯಿತು. ಅದು ಸಂತೋಷವೇ. ಆದರೆ ಕಲಿಸುವುದಕ್ಕೆಂದು ಊರಿಗೆ ಬಂದ ಯಂತ್ರ ಮಾರುವುದಕ್ಕೆಂದು ಮನೆಯೊಳಗೆ ಕುಳಿತಿದೆ ಎಂಬುದನ್ನು ಮಾತ್ರ ಮರೆಯಬಾರದು.

ಈಗ ಆಯ್ಕೆಯ ಮಾತು. ಅಂಗಡಿಯವರು ಹೇಳುವ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಅಳತೆ. 32ರ ಬದಲು 43 ಎಂದರೆ ಮೂರನೇ ಒಂದು ಭಾಗ ಹೆಚ್ಚೆಂದು ಕಾಣುತ್ತದೆ. ಅಗಲ ಎತ್ತರ ಎರಡೂ ಬೆಳೆಯುವುದರಿಂದ ವಿಸ್ತೀರ್ಣ ಸುಮಾರು 1.8 ಪಟ್ಟು ಆಗುತ್ತದೆ. ಕಣ್ಣಿಗೂ ಪರದೆಗೂ ನಡುವೆ ಆ ಮೂಲೆಯಳತೆಯ ಒಂದೂವರೆಯಿಂದ ಎರಡೂವರೆ ಪಟ್ಟು ದೂರವಿದ್ದರೆ ನೋಡಲು ಹಿತ. 32 ಇಂಚಿಗೆ ನಾಲ್ಕರಿಂದ ಆರೂವರೆ ಅಡಿ. 43ಕ್ಕೆ ಐದೂವರೆಯಿಂದ ಒಂಬತ್ತಡಿ. 55ಕ್ಕೆ ಸುಮಾರು ಏಳಡಿಯಿಂದ ಹನ್ನೊಂದಡಿಯ ಮೇಲೆ. ನಮ್ಮ ಹೆಂಚಿನ ಮನೆಗಳ ಎಂಟಡಿ ನಡುಮನೆಯಲ್ಲಿ ಮಂಚ, ಬೀರು, ರಾಗಿ ಮೂಟೆ ಹೋಗಿ ಉಳಿಯುವ ಜಾಗವೆಷ್ಟು? ಪೇಟೆಗೆ ಹೊರಡುವ ಮುನ್ನ ಒಂದು ದಾರ ಹಿಡಿದು ಅಳೆಯಿರಿ. ಆ ದಾರ ಹೇಳುವ ಸತ್ಯವನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ.

ಎರಡನೆಯದು ಚುಕ್ಕೆಗಳ ಲೆಕ್ಕ. ಚಿತ್ರವೆಂಬುದು ಚುಕ್ಕೆಗಳ ರಂಗೋಲಿ. ಎಚ್.ಡಿ. ರೆಡಿ ಎಂಬ ಪರದೆಯಲ್ಲಿ ಹತ್ತು ಲಕ್ಷ ಚುಕ್ಕೆ, ಫುಲ್ ಎಚ್.ಡಿ.ಯಲ್ಲಿ ಇಪ್ಪತ್ತು ಲಕ್ಷ, ಫೋರ್ ಕೆ ಎಂಬುದರಲ್ಲಿ ಎಂಬತ್ತಮೂರು ಲಕ್ಷ. ಕೇಳುವುದಕ್ಕೆ ಭಾರಿ. ಆದರೆ ಸಾಧಾರಣ ವಾಹಿನಿ ಕಳುಹಿಸುವ ಚಿತ್ರದಲ್ಲಿ ಇರುವುದೇ ನಾಲ್ಕು ಲಕ್ಷ ಚುಕ್ಕೆ. ಅದನ್ನು ಎಂಬತ್ತಮೂರು ಲಕ್ಷದ ಪರದೆಗೆ ಹರಡುವುದು ಒಂದು ಸೇರು ಹಿಟ್ಟಿನಲ್ಲಿ ಇಪ್ಪತ್ತು ಸೇರಿನ ಮುದ್ದೆ ಕಟ್ಟಹೊರಟಂತೆ. ಅಂಗಡಿಯಲ್ಲಿ ಓಡುವ ಹೂವು, ಗಿಣಿ, ಜಲಪಾತದ ಚಿತ್ರಗಳು ಆ ಪರದೆಗೆಂದೇ ಮಾಡಿದವು. ಬೆಳಕನ್ನೂ ಮಿತಿಮೀರಿ ಏರಿಸಿಟ್ಟಿರುತ್ತಾರೆ. ನೀವು ಮನೆಯಲ್ಲಿ ನೋಡುವ ವಾಹಿನಿಯನ್ನೇ ಹಾಕಿಸಿ, ಬೆಳಕು ತಗ್ಗಿಸಿ ನೋಡಿರಿ. ಮುಂದೆ ನಿಂತು ಮಾತ್ರ ನೋಡಬೇಡಿರಿ. ಪಕ್ಕಕ್ಕೆ ಸರಿದು, ಕೆಳಗೆ ಕುಳಿತು ನೋಡಿರಿ. ನಮ್ಮ ಮನೆಗಳಲ್ಲಿ ಆರು ಜನ ಚಾಪೆಯ ಮೇಲೆ ಸುತ್ತ ಕೂರುತ್ತಾರೆ. ಕೆಲವು ಪರದೆಗಳಲ್ಲಿ ಓರೆಯಿಂದ ನೋಡಿದವರಿಗೆ ಬಣ್ಣ ಮಾಸುತ್ತದೆ.

ತಗಲಿಹಾಕುವುದರಲ್ಲಿಯೂ ಎಚ್ಚರ ಬೇಕು. ದೇವರ ಪಟದ ಹಾಗೆ ತಲೆಯ ಮೇಲಕ್ಕೆ ಏರಿಸುವ ರೂಢಿ ಬಂದಿದೆ. ಕತ್ತು ಎತ್ತಿ ಎರಡು ಗಂಟೆ ಕುಳಿತವನ ನೋವಿಗೆ ಇದೇ ಕಾರಣ. ಕುಳಿತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬಂದರೆ ಸಾಕು. ಮಣ್ಣಿನ ಗೋಡೆಯಲ್ಲಿ ಮೊಳೆ ಭದ್ರವಾಗಿ ನಿಲ್ಲುವುದಿಲ್ಲ. ಅಂಥ ಮನೆಯಲ್ಲಿ ತಗ್ಗಾದ ಅಗಲ ಮೇಜಿನ ಮೇಲಿಟ್ಟು ಹಿಂದಕ್ಕೆ ಪಟ್ಟಿ ಬಿಗಿಯುವುದು ಲೇಸು. ಈ ಪರದೆ ಹಗುರ; ಮಗು ಹಿಡಿದೆಳೆದರೆ ಮಗುವಿನ ಮೇಲೆಯೇ ಬೀಳುತ್ತದೆ. ಬೇಸಗೆಯ ಗುಡುಗು ಮಳೆಗೆ ಪ್ಲಗ್ಗನ್ನೂ ಡಿಷ್ಷಿನ ತಂತಿಯನ್ನೂ ಕಿತ್ತಿಡಬೇಕು. ಒರೆಸುವುದಕ್ಕೆ ಒಣ ಮೆತ್ತನೆಯ ಬಟ್ಟೆ ಸಾಕು. ನೀರೂ ಬೇಡ, ಸ್ಪಿರಿಟ್ಟೂ ಬೇಡ.

ಈಗ ದುಡ್ಡಿಗೆ ಬರೋಣ. ದೊಡ್ಡದನ್ನೇ ಒಯ್ಯಿರೆಂಬ ಒತ್ತಾಯಕ್ಕೆ ಸರ್ಕಾರವೂ ಕೈ ಕೊಟ್ಟಿದೆ. 32 ಇಂಚು ಮೀರಿದ ಟೆಲಿವಿಷನ್ನಿನ ಮೇಲಿದ್ದ ನೂರಕ್ಕೆ 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. 32 ಇಂಚಿನದರ ಮೇಲೆ 2019ರಿಂದ ಇದ್ದದ್ದು 18, ಆಗ ಉಳಿದದ್ದೂ 18. ದೊಡ್ಡ ಹಜಾರದವರಿಗೆ ಇಳಿಕೆ, ಸಣ್ಣ ನಡುಮನೆಯವರಿಗೆ ಇದ್ದದ್ದೇ ಗತಿ! ಬಡವನ ಸರಕಿನ ಮೇಲೆ ಇನ್ನೂ ಕಡಿಮೆ ತೆರಿಗೆ ಹಾಕಬಾರದೆ ಎಂದು ಕೇಳಿದವರು ಯಾರು?

ಅಂಗಡಿಯ ಫಲಕದಲ್ಲಿ ಬೆಲೆ ಕಾಣುವುದಿಲ್ಲ, ಕಂತು ಕಾಣುತ್ತದೆ. ಬಡ್ಡಿಯಿಲ್ಲದ ಕಂತು ಎನ್ನುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು 2013ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ತಿಳಿಹೇಳಬೇಕಾಯಿತು. ಒಂದು ಲೆಕ್ಕ ಮಾಡೋಣ. ರೊಕ್ಕ ಕೊಟ್ಟರೆ 14,000ಕ್ಕೆ ಸಿಗುವ ಟೆಲಿವಿಷನ್. ಕಂತಿನಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಮೇಲೆ ಕಾಗದಪತ್ರದ ಶುಲ್ಕ 500. ಒಟ್ಟು 15,500. ಹೆಚ್ಚು ತೆತ್ತದ್ದು 1,500, ಅಷ್ಟೇ ತಾನೆ ಎನ್ನಬಹುದು. ಆದರೆ ಸಾಲ ತಿಂಗಳು ತಿಂಗಳು ಕರಗುತ್ತ ಹೋಗುತ್ತದೆ. ಸರಾಸರಿ ನಿಮ್ಮ ಕೈಯಲ್ಲಿದ್ದ ಸಾಲ ಏಳೂವರೆ ಸಾವಿರ, ಅದೂ ಹತ್ತೇ ತಿಂಗಳು. ವರ್ಷದ ಬಡ್ಡಿ ನೂರಕ್ಕೆ ಇಪ್ಪತ್ತನ್ನು ದಾಟಿತು. ಶೂನ್ಯದ ಹೊಟ್ಟೆಯೊಳಗೆ ಇಷ್ಟು ಅಡಗಿದೆ.

ಇನ್ನೊಂದು ಅನ್ಯಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಕಬ್ಬು ಕಾರ್ಖಾನೆಗೆ ತಲುಪಿದ 14 ದಿನದೊಳಗೆ ಬೆಳೆಗಾರನಿಗೆ ಹಣ ಸಲ್ಲಬೇಕು, ತಡವಾದರೆ ನೂರಕ್ಕೆ 15ರ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಆ ಬಡ್ಡಿಯನ್ನು ಕೈಯಲ್ಲಿ ಎಣಿಸಿದ ರೈತರು ಎಷ್ಟು ಮಂದಿ ಎಂಬುದನ್ನು ಮಂಡ್ಯ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ. ಟೆಲಿವಿಷನ್ನಿನ ಕಂತು ಮಾತ್ರ ಒಂದು ದಿನವೂ ತಡೆಯುವುದಿಲ್ಲ. ತಪ್ಪಿದರೆ ದಂಡ, ಮನೆಬಾಗಿಲಿಗೆ ವಸೂಲಿಯವರು. ಕಬ್ಬಿನ ದುಡ್ಡು ಬಾರದಿದ್ದರೆ ರೈತನ ಮನೆ ಮಾತ್ರ ಬಡವಾಗುವುದಿಲ್ಲ; ಕಾರ್ಖಾನೆಯ ಕೆಲಸಗಾರನಿಗೂ, ಅವನಿಗೆ ಉದ್ದರಿ ಕೊಟ್ಟ ದಿನಸಿ ಅಂಗಡಿಯವನಿಗೂ ಆ ಪೆಟ್ಟು ತಟ್ಟುತ್ತದೆ. ಬರುವ ಹಣಕ್ಕೆ ತಾರೀಖಿಲ್ಲದವನು ಕೊಡುವ ಹಣಕ್ಕೆ ತಾರೀಖು ಬರೆದುಕೊಡುವುದು ಅಪಾಯ. ಆರು ತಿಂಗಳು ಚೀಟಿ ಕಟ್ಟಿ, ಗಂಟು ಕಟ್ಟಿಕೊಂಡು ಹೋಗಿ ರೊಕ್ಕಕ್ಕೆ ಕೊಳ್ಳಿರಿ. ಕೈಯಲ್ಲಿ ರೊಕ್ಕ ಇದ್ದವನು ಚೌಕಾಸಿ ಮಾಡಬಲ್ಲ.

ಮನೆಗೆ ಬಂದ ಮೇಲಿನ ಖರ್ಚೂ ಇದೆ. ಕೇಬಲ್ಲಿಗೆ ತಿಂಗಳಿಗೆ 300 ಎಂದರೂ ನಾಲ್ಕು ವರ್ಷಕ್ಕೆ 14,400 ಆಯಿತು. ಇನ್ನೊಂದು ಟೆಲಿವಿಷನ್ ಕೊಂಡಂತೆ. ಸರ್ಕಾರದ ಡಿಡಿ ಫ್ರೀ ಡಿಷ್‌ಗೆ ತಟ್ಟೆ ಮತ್ತು ಪೆಟ್ಟಿಗೆಯ ಹಣ ಒಂದು ಸಲ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಎಲ್ಲ ಕನ್ನಡ ವಾಹಿನಿಗಳೂ ಬೇಕೆಂಬ ಮನೆಗೆ ಅದು ಸಾಲದು. ಯಾವುದು ಬೇಕು, ಯಾವುದು ಬೇಡ ಎಂದು ಮನೆಮಂದಿ ಕುಳಿತು ತೀರ್ಮಾನಿಸಲಿ. ಇನ್ನು ವಿದ್ಯುತ್ತು. 50 ವಾಟಿನ ಪರದೆ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಏಳೂವರೆ ಯೂನಿಟ್. ಜೊತೆಗಿನ ಸೆಟ್ ಟಾಪ್ ಪೆಟ್ಟಿಗೆ ಹತ್ತು ವಾಟಿನದಾದರೂ ಹಗಲಿರುಳು ಬಿಟ್ಟಿದ್ದರೆ ಏಳು ಯೂನಿಟ್ಟಿಗೂ ಮೇಲೆ ತಿನ್ನುತ್ತದೆ. ನೋಡದಾಗ ತಿನ್ನುವ ಈ ಪೆಟ್ಟಿಗೆಯನ್ನು ಗೋಡೆಯ ಸ್ವಿಚ್ಚಿನಲ್ಲಿಯೇ ಆರಿಸಬೇಕು. 2023ರ ಗೃಹಜ್ಯೋತಿ ಯೋಜನೆಯಲ್ಲಿಯೂ ಮನೆಗೆ ನಿಗದಿಯಾದ ಯೂನಿಟ್ಟು ಮೀರಿದರೆ ದುಡ್ಡು ತೆರಬೇಕಲ್ಲವೆ? ಕೊಳ್ಳುವಾಗ ನಕ್ಷತ್ರದ ಚೀಟಿ ನೋಡಿರಿ. ಒಂದೇ ಅಳತೆಯ ಎರಡರಲ್ಲಿ ನಕ್ಷತ್ರ ಹೆಚ್ಚಿದ್ದದ್ದು ಕಡಿಮೆ ತಿನ್ನುತ್ತದೆ.

ದುಡ್ಡಿನ ಲೆಕ್ಕ ಮುಗಿದರೂ ಕಾಲದ ಲೆಕ್ಕ ಉಳಿಯುತ್ತದೆ. ಕೇಬಲ್ ನಿಯಮಗಳು ಜಾಹೀರಾತಿಗೆ ಗಂಟೆಗೆ 12 ನಿಮಿಷದ ಮಿತಿ ಹಾಕಿದವು. 2013ರಲ್ಲಿ ಅದನ್ನು ಬಿಗಿ ಮಾಡಹೊರಟಾಗ ವಾಹಿನಿಗಳವರು ನ್ಯಾಯಾಲಯಕ್ಕೆ ಹೋದರು. ನಾವು ನೋಡುವ ಹೊತ್ತೇ ಅವರು ಮಾರುವ ಸರಕು. ಸ್ಮಾರ್ಟ್ ಟಿ.ವಿ. ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ: ನಾವು ಅದನ್ನು ನೋಡುವಾಗ ಅದು ನಮ್ಮನ್ನು ಎಣಿಸುತ್ತದೆ. ಅಮೆರಿಕದಲ್ಲಿ ವಿಜಿಯೊ ಎಂಬ ಕಂಪನಿಯ 1 ಕೋಟಿ 10 ಲಕ್ಷ ಟೆಲಿವಿಷನ್‌ಗಳು ಮನೆಯವರ ಒಪ್ಪಿಗೆಯಿಲ್ಲದೆ ಅವರು ಏನು ನೋಡುತ್ತಾರೆಂಬುದನ್ನು ದಾಖಲಿಸುತ್ತಿದ್ದವೆಂಬ ಆರೋಪದ ಮೇಲೆ 2017ರಲ್ಲಿ ಆ ಕಂಪನಿ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಆದ್ದರಿಂದ ಹೊಸ ಪರದೆ ಹಚ್ಚಿದ ದಿನ ‘ಒಪ್ಪಿದೆ’ ಎಂಬ ಗುಂಡಿಯನ್ನು ಕಣ್ಣುಮುಚ್ಚಿ ಒತ್ತಬೇಡಿರಿ. ಓದಲು ಬಲ್ಲ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಬೇಡವೆನ್ನಬಹುದಾದದ್ದಕ್ಕೆ ಬೇಡವೆನ್ನಿರಿ.

ಎಲ್ಲಕ್ಕಿಂತ ಗಂಭೀರವಾದದ್ದು ಮಕ್ಕಳ ಮಾತು. ಒಂದೇ ಕೋಣೆಯ ಮನೆಯಲ್ಲಿ ಗೋಡೆಯ ಮೇಲೆ ಧಾರಾವಾಹಿ, ಗೋಡೆಯ ಕೆಳಗೆ ಎಸ್.ಎಸ್.ಎಲ್.ಸಿ. ಪುಸ್ತಕ. ಇವೆರಡಕ್ಕೆ ಪಂದ್ಯ ನಡೆದರೆ ಗೆಲ್ಲುವುದು ಯಾವುದು? ಸೋತ ಹುಡುಗನನ್ನು ದಡ್ಡನೆಂದು ಬೈಯುವುದು ಅನ್ಯಾಯ. ಸಂಜೆ ಏಳರಿಂದ ಒಂಬತ್ತು ಓದಿನ ಹೊತ್ತು ಎಂದು ನಿಶ್ಚಯಿಸಿದರೆ ಆ ಹೊತ್ತು ದೊಡ್ಡವರೂ ಆರಿಸಬೇಕು. ಹಿರಿಯರು ಮುರಿಯುವ ಕಟ್ಟಳೆಯನ್ನು ಕಿರಿಯರು ಪಾಲಿಸುವುದಿಲ್ಲ. ಎರಡು ವರ್ಷ ತುಂಬದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗು ಉಣ್ಣಲೆಂದು ಪರದೆ ಹಚ್ಚುವ ಅಭ್ಯಾಸ ಬಿಡಬೇಕು. ಹಾಗೆಯೇ ರಿಮೋಟು ಗಂಡಸಿನ ಕೈಗೇ ಹುಟ್ಟಿದ್ದಲ್ಲ. ಒಲೆಯ ಮುಂದೆ ನಿಂತವಳು ಶಬ್ದ ಮಾತ್ರ ಕೇಳಿ, ಚಿತ್ರ ಉಳಿದವರದಾಗುವ ಮನೆಯಲ್ಲಿ ಸಮಾನತೆಯ ಭಾಷಣಕ್ಕೆ ಬೆಲೆಯಿಲ್ಲ. ಅವಳು ನೋಡುವ ಹೊತ್ತಿನಲ್ಲಿ ಪಾತ್ರೆ ತೊಳೆಯಲು ಬೇರೆ ಎರಡು ಕೈ ಬರಲಿ.

ಕೆಟ್ಟರೆ ಗತಿಯೇನು? ಹಿಂಬದಿಯ ದೀಪದ ಪಟ್ಟಿ, ಕರೆಂಟಿನ ಹಲಗೆ ಕೆಟ್ಟರೆ ನಮ್ಮ ಊರಿನ ರಿಪೇರಿಯವರೇ ಸರಿಮಾಡಬಲ್ಲರು. ಪರದೆಯೇ ಒಡೆದರೆ ಹೊಸದನ್ನು ಕೊಳ್ಳುವಷ್ಟು ಖರ್ಚು. ಒಡೆದದ್ದಕ್ಕೆ ಸಾಮಾನ್ಯವಾಗಿ ಗ್ಯಾರಂಟಿಯೂ ಇರುವುದಿಲ್ಲ. ಬಿಡಿಭಾಗ ಕೈಗೆ ಸಿಗದಂತೆ ಮಾಡಿ, ಎಸೆದು ಹೊಸದು ಕೊಳ್ಳಿ ಎನ್ನುವ ಕಂಪನಿಗಳಿಂದ ಹೊಟ್ಟೆಯ ಮೇಲೆ ಹೊಡೆತ ಬೀಳುವುದು ಈ ಸಣ್ಣ ಅಂಗಡಿಗಳಿಗೆ. ರಿಪೇರಿಯ ಹಕ್ಕಿಗೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಒಂದು ಜಾಲತಾಣ ತೆರೆಯಿತು. ಜಾಲತಾಣ ಸಾಲದು, ಕಾನೂನು ಬೇಕು. ರಸೀತಿಯನ್ನೂ ಗ್ಯಾರಂಟಿ ಚೀಟಿಯನ್ನೂ ಪಹಣಿಯ ಜೊತೆಯಲ್ಲಿಡಿರಿ. ಮೋಸವಾದರೆ 1915ಕ್ಕೆ ಫೋನು ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಸರಕಿಗೆ ಶುಲ್ಕವಿಲ್ಲ. ಹಳೆಯ ಕೊಳವೆಯ ಟೆಲಿವಿಷನ್ ಇದ್ದವರು ಅದನ್ನು ತಿಪ್ಪೆಯಲ್ಲಿ ಒಡೆಯಬೇಡಿರಿ. ಆ ಗಾಜಿನಲ್ಲಿ ಸೀಸವಿದೆ.

ನಮ್ಮ ಬೇಡಿಕೆಗಳು ನಾಲ್ಕು. ಕಬ್ಬಿನ ಹಣ 14 ದಿನದಲ್ಲಿ ಸಲ್ಲಲಿ. ಕಂತಿನ ಪಕ್ಕದಲ್ಲಿ ರೊಕ್ಕದ ಬೆಲೆಯನ್ನೂ ಒಟ್ಟು ತೆರುವ ಮೊತ್ತವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಲಿ. ಬಿಡಿಭಾಗಗಳು ಯಾವ ರಿಪೇರಿಯವನಿಗೂ ನ್ಯಾಯಬೆಲೆಗೆ ಸಿಗಲಿ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಒಂದೊಂದು ಒಳ್ಳೆಯ ದೊಡ್ಡ ಪರದೆ ಇರಲಿ. ಪಾಠವನ್ನೂ ಪಂದ್ಯವನ್ನೂ ಜನ ಕೂಡಿ ನೋಡಲಿ. ದೊಡ್ಡ ಪರದೆಗೆ ದೊಡ್ಡ ಕೋಣೆ ಬೇಕು, ಆ ಕೋಣೆ ಊರಿನದಾಗಿರಲಿ.

ಬೇಡಿಕೆ ಈಡೇರುವವರೆಗೆ ಮನೆಯ ಯಜಮಾನಿಕೆ ಮನೆಯವರಲ್ಲಿಯೇ ಇರಬೇಕು. ದಾರ ಹಿಡಿದು ಅಳೆಯಿರಿ, ರೊಕ್ಕ ಎಣಿಸಿ ಕೊಳ್ಳಿರಿ, ಹೊತ್ತು ನೋಡಿ ಆರಿಸಿರಿ. ಆರಿಸಲು ಬಲ್ಲವನೇ ಟೆಲಿವಿಷನ್ನಿನ ನಿಜವಾದ ಒಡೆಯ.