ಮನೆ ನೋಡುವವರಿಗೆ ಆಸ್ಪತ್ರೆಯ ರಕ್ಷೆ ಎಲ್ಲಿದೆ?

ಸಾಂಗ್ಲಿಗೆ ಹೊಂದಿಕೊಂಡಿರುವ ಹರಿಪುರವು ಕೃಷ್ಣಾ ಮತ್ತು ವಾರಣಾ ನದಿಗಳ ಸಂಗಮದಲ್ಲಿರುವ ಊರು. ಅರಸಿನ ದಾಸ್ತಾನಿಗಾಗಿ ನೆಲದೊಳಗೆ ತೋಡಿದ ಹಗೇವುಗಳಿಗೆ ಹೆಸರಾಗಿದ್ದ ಆ ಊರಿನಲ್ಲಿ 2005ರ ನೆರೆಯಿಂದ ಅನೇಕ ಹಗೇವುಗಳು ಹಾಳಾದವು. 2019ರ ಆಗಸ್ಟಿನಲ್ಲಿ ಮತ್ತು 2021ರ ಜುಲೈಯಲ್ಲಿ ಕೃಷ್ಣೆಯು ಪುನಃ ಸಾಂಗ್ಲಿಯ ಸುತ್ತಮುತ್ತಲಿನ ಮನೆಗಳನ್ನು ಹೊಕ್ಕಳು. ಅಷ್ಟು ದೂರದ ಊರಿನ ಮಾತು ಕಾಸರಗೋಡಿನ ಪತ್ರಿಕೆಯಲ್ಲೇಕೆ ಎಂದು ವಾಚಕರು ಕೇಳಬಹುದು. ಮಿರಜ್, ಜತ್ತ ಕಡೆಗಳಲ್ಲಿಯೂ ಕನ್ನಡ ಮನೆಮಾತಿನ ಸಂಸಾರಗಳಿವೆ. ಸರಕಾರಿ ಕಾಗದ ಮಾತ್ರ ಇನ್ನೊಂದು ಭಾಷೆಯಲ್ಲಿ ಬರುತ್ತದೆ. ನೀರು ಇಳಿದ ಮೇಲೆ ಈ ಗೋಡೆ ನಿಂತೀತೇ, ಒಳಗೆ ಮಲಗಬಹುದೇ ಎಂದು ನೋಡಿ ಹೇಳುವವರು ಅಲ್ಲಿಯೂ ಬೇಕು, ಇಲ್ಲಿಯೂ ಬೇಕು. ನಾವಿಂದು ಬರೆಯಹೊರಟದ್ದು ಅಂತಹವರ ಕುರಿತು.

ಮನೆ ನೋಡಲು ಬರುವವರಲ್ಲಿ ಎರಡು ಬಗೆ. ಪಂಚನಾಮೆ ಬರೆಯುವ ತಲಾಠಿ ಅಥವಾ ವಿಲೇಜ್ ಆಫೀಸರ್ ಸರಕಾರದ ನೌಕರ. ಇನ್ನೊಬ್ಬನು ಊರಿನ ಅನುಭವಸ್ಥ ಮೇಸ್ತ್ರಿ, ಅಲ್ಲಿಯವರ ಮಾತಿನಲ್ಲಿ ಗವಂಡಿ. ಇಲ್ಲವೇ ಸ್ವಂತವಾಗಿ ಕೆಲಸ ಮಾಡುವ ಇಂಜಿನಿಯರ್. ಇಲ್ಲವೇ ಬ್ಯಾಂಕಿನ ಸಾಲಕ್ಕೆಂದು ಮನೆಯ ಬೆಲೆ ಕಟ್ಟುವವನು. ಈ ಎರಡನೆಯವರಿಗೆ ಕನ್ನಡದಲ್ಲಿ ಒಂದು ನಿಶ್ಚಿತ ಹೆಸರು ಕೂಡ ಇಲ್ಲ. ಹಂಚಿನ ಮಾಡಿಗೆ ಹತ್ತುವುದು, ಗೆದ್ದಲು ತಿಂದ ಅಟ್ಟದಲ್ಲಿ ನಡೆಯುವುದು, ಮಳೆಗೆ ನೆನೆದ ಮುರಕಲ್ಲಿನ ಗೋಡೆಗೆ ಕಿವಿಗೊಟ್ಟು ತಟ್ಟುವುದು, ಹಸಿ ಗೋಡೆಯ ವಯರಿಂಗ್ ಮುಟ್ಟಿ ನೋಡುವುದು ಇವರ ನಿತ್ಯದ ಕೆಲಸ. ಬಿದ್ದು ಕಾಲು ಮುರಿದರೆ ಆಸ್ಪತ್ರೆಯ ಬಿಲ್ಲೂ ಇವರದೇ, ಕಳೆದುಹೋದ ದಿನಗೂಲಿಯೂ ಇವರದೇ.

ಸಂಬಳದವರ ಸಂಗತಿ ಬೇರೆ. ಕೇರಳದಲ್ಲಿ ಅಧ್ಯಾಪಕರೇ ಮೊದಲಾದವರಿಗೆ 2022ರ ಜುಲೈಯಲ್ಲಿ ಮೆಡಿಸೆಪ್ ಯೋಜನೆ ಬಂದಾಗ ತಿಂಗಳಿಗೆ 500 ರೂ. ಸಂಬಳದಿಂದಲೇ ಕಡಿತವಾಯಿತು, ಸೇರಬೇಕೇ ಬೇಡವೇ ಎಂಬ ಪ್ರಶ್ನೆಯೇ ಇರಲಿಲ್ಲ. ಕಾರ್ಖಾನೆಯವನಿಗೆ 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಇದೆ, ಆದರೆ ಅದು ಸಂಬಳ ಕೊಡುವ ಧಣಿ ಇದ್ದವರಿಗೆ. ಇನ್ನು 1996ರ ಕಟ್ಟಡ ಕಾರ್ಮಿಕರ ಕಾನೂನು, ತಿಂಗಳಿಗೆ 1600 ರೂ.ಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕನನ್ನು ಕಾರ್ಮಿಕರ ಲೆಕ್ಕಕ್ಕೇ ಹಿಡಿದಿರಲಿಲ್ಲ! ಕಲ್ಲು ಹೊತ್ತವನು ಕಾರ್ಮಿಕ, ಕಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಿದವನು ಯಾರೂ ಅಲ್ಲ ಎಂಬಂತಹ ನ್ಯಾಯ.

ಸರಕಾರದ ಯೋಜನೆಗಳ ವಿಷಯದಲ್ಲಿ ಹರಿಪುರದವನೇ ನಮ್ಮವನಿಗಿಂತ ಮೇಲು ಎನ್ನಬೇಕಾಗಿದೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ರಾಜೀವ ಗಾಂಧಿ ಜೀವನದಾಯಿ ಎಂಬ ಹೆಸರಿನಲ್ಲಿ ಆರಂಭವಾಗಿ, 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆಯವರ ಹೆಸರು ಪಡೆದ ಯೋಜನೆಯನ್ನು 2023ರ ಆದೇಶದಂತೆ ರಾಜ್ಯದ ಎಲ್ಲಾ ರೇಶನ್ ಕಾರ್ಡಿನವರಿಗೂ ವಿಸ್ತರಿಸಲಾಯಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ಕಾರ್ಡಿನ ಬಣ್ಣ ಬಿಳಿಯಾದರೂ ಅಡ್ಡಿಯಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲೂ ಮೊತ್ತ 5 ಲಕ್ಷವೇ, ಆದರೆ ಪಟ್ಟಿಯಲ್ಲಿರುವ ಕುಟುಂಬಗಳಿಗೆ ಮಾತ್ರ. ಪಟ್ಟಿಯ ಹೊರಗಿದ್ದು ವರ್ಷದ ಆದಾಯ 3 ಲಕ್ಷಕ್ಕಿಂತ ಕೆಳಗಿದ್ದರೆ ಕಾರುಣ್ಯ ಬೆನೆವಲೆಂಟ್ ಫಂಡಿನ ಬಾಗಿಲು ತಟ್ಟಬಹುದು. ಒಂದು ಬೈಕು, ಒಂದು ತಾರಸಿ ಮನೆ, ಓದುವ ಇಬ್ಬರು ಮಕ್ಕಳಿರುವ ಮೇಸ್ತ್ರಿ ಇವೆರಡಕ್ಕೂ ಸಲ್ಲದೆ ನಡುವೆ ಉಳಿಯುತ್ತಾನೆ. ಆರೋಗ್ಯದಲ್ಲಿ ದೇಶಕ್ಕೇ ಮಾದರಿ ಎಂದು ಹೇಳಿಕೊಳ್ಳುವ ರಾಜ್ಯವು ಈ ಒಂದು ವಿಷಯದಲ್ಲಿ ನೆರೆಯವರನ್ನು ನೋಡಿ ಕಲಿತರೆ ಕುಂದೇನೂ ಇಲ್ಲ.

ಇನ್ನೊಂದು ತೊಡಕು ಗಡಿಯದು. 1894ರಲ್ಲಿ ವಾನ್ಲೆಸ್ ಡಾಕ್ಟರರು ಮಿರಜಿನಲ್ಲಿ ಆಸ್ಪತ್ರೆ ತೆರೆದ ಲಾಗಾಯ್ತು ಬೆಳಗಾವಿ, ವಿಜಾಪುರದ ರೋಗಿಗಳು ಅಲ್ಲಿಗೆ ಹೋಗುವುದು ರೂಢಿ. ನಾವು ಮಂಗಳೂರಿಗೆ ಹೋಗುತ್ತೇವೆ. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿ ನಮಗೆ ಎಷ್ಟು ಮುಖ್ಯವೆಂಬುದು ಎಲ್ಲರಿಗೂ ತಿಳಿಯಿತು. ಆದುದರಿಂದ ಯಾವ ಕಾರ್ಡಾಗಲಿ, ಯಾವ ಪಾಲಿಸಿಯಾಗಲಿ, ತಾವು ಹೋಗುವ ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ಕಾಯಿಲೆ ಬರುವ ಮೊದಲೇ ಕೇಳಿಟ್ಟುಕೊಳ್ಳಬೇಕು.

ಉಳಿದದ್ದು ಸ್ವಂತ ಹಣದ ಪಾಲಿಸಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂ. ಕಡಿಯುವ ಪ್ರಧಾನಮಂತ್ರಿ ಸುರಕ್ಷಾ ವಿಮೆ ಇದೆಯಲ್ಲ ಎನ್ನುವವರಿದ್ದಾರೆ. ಅದು ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ ಹಣ ಕೊಡುವಂಥದು. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿದ ಬಿಲ್ಲನ್ನು ಕೊಡುವುದಿಲ್ಲ. ಇರಲಿ, 20 ರೂ.ಗೆ ಅಷ್ಟು ಸಿಕ್ಕಿದರೆ ಬೇಡವೆನ್ನಬಾರದು. ಆಸ್ಪತ್ರೆಯ ಖರ್ಚಿಗೆ 2020ರ ಏಪ್ರಿಲ್ 1ರಿಂದ ಆರೋಗ್ಯ ಸಂಜೀವನಿ ಎಂಬ ಪಾಲಿಸಿ ಬಂದಿದೆ. ಯಾವ ಕಂಪೆನಿಯಲ್ಲಿ ತೆಗೆದುಕೊಂಡರೂ ಕರಾರು ಒಂದೇ, ಕಂತು ಮಾತ್ರ ಬೇರೆ ಬೇರೆ. ಹೋಲಿಸಿ ನೋಡಲು ಸುಲಭವಾದ್ದರಿಂದ ಮೊದಲ ಸಲ ಪಾಲಿಸಿ ಮಾಡುವವರಿಗೆ ಇದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18 ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ.

ಆದರೆ ಅದರೊಳಗಿನ ಕರಾರುಗಳನ್ನು ಬಿಡಿಸಿ ನೋಡಬೇಕು. ಕೋಣೆಯ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 2 ಮಾತ್ರ, ಅದೂ 5,000 ರೂ. ಮೀರಬಾರದು. ಒಂದು ಲಕ್ಷದ ಪಾಲಿಸಿ ಇಟ್ಟುಕೊಂಡವನಿಗೆ 2,000 ರೂ. ಕೋಣೆಗೆ ಅರ್ಹತೆ. ಆತ 4,000 ರೂ. ಕೋಣೆ ಹಿಡಿದನೆನ್ನಿ. ಕಳೆದುಕೊಳ್ಳುವುದು ಬಾಡಿಗೆಯ ವ್ಯತ್ಯಾಸವನ್ನು ಮಾತ್ರವಲ್ಲ. ಔಷಧಿ ಹೊರತಾಗಿ ಶಸ್ತ್ರಕ್ರಿಯೆ, ಡಾಕ್ಟರರ ಫೀಸು ಮುಂತಾದವುಗಳೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯುತ್ತವೆ. ಇದರ ಮೇಲೆ ಪ್ರತಿ ಬಿಲ್ಲಿನಲ್ಲೂ ಶೇ. 5 ಪಾಲು ನಾವೇ ಕೊಡಬೇಕು. ಮೊದಲ 30 ದಿನ ಅಪಘಾತಕ್ಕೆ ಹೊರತು ಬೇರೆ ಕಾಯಿಲೆಗೆ ಹಣವಿಲ್ಲ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಸಂಬಂಧಿಸಿದ್ದಕ್ಕೆ ಮೂರು ವರ್ಷದ ತನಕ ಕಾಯಿಸಬಹುದು. 2024ರ ಮೊದಲು ಅದು ನಾಲ್ಕು ವರ್ಷವಿತ್ತು. ಕೆಲವು ಏಜೆಂಟರು "ಇದ್ದರೂ ಇಲ್ಲವೆಂದೇ ಬರೆಯುವ" ಎನ್ನುವುದುಂಟು. ಬರೆಯಬಾರದು. ಕಂಪೆನಿಯು ಐದು ವರ್ಷ ತುಂಬುವ ತನಕ ಈ ಕಾರಣ ಹಿಡಿದು ಪಾಲಿಸಿಯನ್ನೇ ರದ್ದು ಮಾಡಬಲ್ಲದು. ವಂಚನೆಯೆಂದು ಸಿದ್ಧವಾದರೆ ಆ ಬಳಿಕವೂ ಬಿಡುವುದಿಲ್ಲ.

ಇವೆಲ್ಲ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿರುತ್ತವೆ. ಗೋಡೆಯ ಕೂದಲೆಳೆಯಷ್ಟು ಬಿರುಕನ್ನೂ ಕಂಡುಹಿಡಿಯುವ ನಮ್ಮ ಮೇಸ್ತ್ರಿ ಏಜೆಂಟ್ ತೋರಿಸಿದಲ್ಲಿ ರುಜು ಹಾಕಿ ಬರುವುದು ಅಜಾಗ್ರತೆಯಿಂದಲ್ಲ, ಭಾಷೆಯಿಂದ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ 2024ರ ಜನವರಿ 1ರಿಂದ ಪ್ರತಿ ಆರೋಗ್ಯ ಪಾಲಿಸಿಯ ಜತೆಗೆ ಏನುಂಟು, ಏನಿಲ್ಲ ಎಂಬುದನ್ನು ಸರಳವಾಗಿ ಬರೆದ ಮಾಹಿತಿ ಪತ್ರ ಕೊಡಬೇಕು, ಕೇಳಿದವರಿಗೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿ ಕನ್ನಡ ಸ್ಥಳೀಯ ಭಾಷೆಯಲ್ಲವೆಂದು ಯಾವ ಕಂಪೆನಿ ಹೇಳೀತು? ಜತ್ತದಲ್ಲಿ ಹೇಳೀತೇ? ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಕೇಳುವುದಾದರೆ ಬರವಣಿಗೆಯಲ್ಲೇ ಕೇಳಬೇಕು, ಅರ್ಜಿಯ ನಕಲು ಇಟ್ಟುಕೊಳ್ಳಬೇಕು. ಇಂತಹ ಒಂದು ಪುಟದ ಪತ್ರ ಬರೆದುಕೊಡುವುದು ಕನ್ನಡ ಶಾಲೆಗಳ ಅಧ್ಯಾಪಕರಾದ ನಮಗೇನೂ ಭಾರವಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಬಂದವರಿಗೆ ಬರೆದುಕೊಡೋಣ. ಪಾಲಿಸಿ ಕೈಸೇರಿದ ದಿನದಿಂದ 30 ದಿನದೊಳಗೆ, ಒಪ್ಪಿಗೆಯಾಗದಿದ್ದರೆ, ಹಿಂತಿರುಗಿಸುವ ಹಕ್ಕಿದೆ. ಕನ್ನಡದ ಮಾಹಿತಿ ಪತ್ರಕ್ಕಾಗಿ ಮೊದಲ ವಾರದಲ್ಲೇ ಬರೆದರೆ ಅದನ್ನು ಓದಿ ನಿರ್ಧರಿಸಲು ಮೂರು ವಾರ ಉಳಿಯುತ್ತದೆ.