ಕೈಗೆ ಬಂದ ತುತ್ತು ಮತ್ತು ಅಭಿಮಾನಿಯ ಸಮಚಿತ್ತ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಹಿರಿಯರು ಕೊಯ್ಲಿಗೆ ನಿಂತ ಬೆಳೆ ಅಕಾಲ ಮಳೆಗೆ ಹೋದಾಗ, ನಿಶ್ಚಯವಾದ ಮದುವೆ ಮುರಿದುಬಿದ್ದಾಗ ಆಡುತ್ತಿದ್ದರು. ಈಗ ಅದೇ ಗಾದೆ ಕ್ರಿಕೆಟ್ ಪಂದ್ಯ ಮುಗಿದ ರಾತ್ರಿಗಳಲ್ಲಿಯೂ ಕೇಳಿಬರುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯೂ ಇದಕ್ಕೆ ಹೊರತಲ್ಲ. ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವರು, ರಾತ್ರಿಪಾಳಿಗೆ ಹೊರಡಬೇಕಾದವರು, ಕಾಲೇಜಿನ ಹುಡುಗರು ಚಹಾದಂಗಡಿಯ ಟಿ.ವಿ. ಮುಂದೆ ಕೂಡಿರುತ್ತಾರೆ. “ಗೆದ್ದಂಗಾತ ಬಿಡಪಾ” ಎಂದು ಒಬ್ಬರು ಏಳುವಷ್ಟರಲ್ಲಿ ಒಂದು ವಿಕೆಟ್ ಬೀಳುತ್ತದೆ, ಅದರ ಬೆನ್ನಿಗೇ ಇನ್ನೊಂದು. ಅರ್ಧ ತಾಸಿನಲ್ಲಿ ಅಂಗಡಿ ಮೌನವಾಗುತ್ತದೆ.

ಸೋಲಿನಲ್ಲಿ ಎರಡು ಬಗೆ. ಮೊದಲಿನಿಂದಲೂ ಹಿಂದೆ ಬಿದ್ದು ಸೋಲುವುದು ಒಂದು. ಗೆಲುವು ಕಣ್ಣಳತೆಗೆ ಬಂದ ಮೇಲೆ ಕೈಚೆಲ್ಲಿ ಸೋಲುವುದು ಇನ್ನೊಂದು. ಮೊದಲನೆಯದಕ್ಕೆ ಮನಸ್ಸು ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಎರಡನೆಯದು ವರ್ಷಗಟ್ಟಲೆ ಕಾಡುತ್ತದೆ. “ಆಟ ತಾನೆ, ಮರೆತುಬಿಡಿ” ಎಂದು ಹೇಳುವುದು ಸುಲಭ. ಆದರೆ ಆ ದುಃಖವನ್ನು ಹಾಸ್ಯ ಮಾಡುವುದರಿಂದ ಪ್ರಯೋಜನವಿಲ್ಲ, ಅದು ನಿಜವಾದ ದುಃಖವೇ ಆಗಿದೆ. ವಿಚಾರ ಮಾಡಬೇಕಾದದ್ದು ಬೇರೆ: ಆ ದುಃಖದ ಹೊರೆಯನ್ನು ಅಭಿಮಾನಿಯು ಯಾರ ತಲೆಯ ಮೇಲೆ ಇಳಿಸುತ್ತಾನೆ?

ಕನ್ನಡನಾಡಿನ ಅಭಿಮಾನಿಗೆ ಈ ನೋವಿನ ಪರಿಚಯ ಚೆನ್ನಾಗಿಯೇ ಇದೆ. 2016ರ ಮೇ 29ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಅಂತಿಮ ಪಂದ್ಯ ನಡೆಯಿತು. ಹೈದರಾಬಾದ್ ತಂಡ 208 ರನ್ ಗಳಿಸಿತ್ತು. ಉತ್ತರವಾಗಿ ಬೆಂಗಳೂರು ತಂಡದ ಕ್ರಿಸ್ ಗೇಲ್ 38 ಎಸೆತಗಳಲ್ಲಿ 76 ರನ್ ಹೊಡೆದರು. 10.3 ಓವರುಗಳಲ್ಲಿ 114 ರನ್ ಬಂದಾಗ ಮೊದಲ ವಿಕೆಟ್ ಬಿದ್ದಿತು. ಇನ್ನು ಬೇಕಾದದ್ದು 57 ಎಸೆತಗಳಲ್ಲಿ 95 ರನ್, ಕೈಯಲ್ಲಿ ಒಂಬತ್ತು ವಿಕೆಟ್. ಆ ಋತುವಿನಲ್ಲಿ 973 ರನ್ ಗಳಿಸಿದ ವಿರಾಟ್ ಕೊಹ್ಲಿ ಇನ್ನೊಂದು ತುದಿಯಲ್ಲಿದ್ದರು. ಇಷ್ಟಿದ್ದೂ ತಂಡ 200ಕ್ಕೆ ನಿಂತು 8 ರನ್‌ಗಳಿಂದ ಸೋತಿತು. ಅದಕ್ಕೂ ಮೊದಲು 2009ರಲ್ಲಿ ಜೊಹಾನ್ಸ್‌ಬರ್ಗ್‌ನ ಅಂತಿಮ ಪಂದ್ಯದಲ್ಲಿ ಅನಿಲ್ ಕುಂಬ್ಳೆ 16 ರನ್‌ಗೆ 4 ವಿಕೆಟ್ ಪಡೆದರೂ ತಂಡ 6 ರನ್‌ಗಳಿಂದ ಸೋತಿತ್ತು.

ರಣಜಿ ಆಟವನ್ನು ಬಲ್ಲ ಹಿರಿಯರಿಗೆ ಇದಕ್ಕಿಂತ ಆಳವಾದ ಗಾಯ ಮೈಸೂರಿನದು. 2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕವು ಮುಂಬೈ ವಿರುದ್ಧ ಅಂತಿಮ ಪಂದ್ಯವಾಡಿತು. ಗೆಲ್ಲಲು 338 ರನ್ ಬೇಕಿತ್ತು. ಮನೀಷ್ ಪಾಂಡೆ 144 ರನ್, ಗಣೇಶ್ ಸತೀಶ್ 75 ರನ್ ಗಳಿಸಿದರು. ಇಬ್ಬರೂ ಸೇರಿ ನಾಲ್ಕನೆಯ ವಿಕೆಟ್‌ಗೆ 209 ರನ್ ಕೂಡಿಸಿದ ಆ ಹೊತ್ತಿನಲ್ಲಿ ಕಪ್ಪು ರಾಜ್ಯಕ್ಕೆ ಬಂತೆಂದೇ ಜನ ತಿಳಿದರು. ಆದರೆ 331ಕ್ಕೆ ಎಲ್ಲರೂ ಔಟಾದರು. ಸೋಲಿನ ಅಂತರ 6 ರನ್. ಮುಂದೆ 2017ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಸೆಮಿಫೈನಲ್‌ನಲ್ಲಿ ಕರ್ನಾಟಕ ಮೊದಲ ಇನಿಂಗ್ಸಿನಲ್ಲಿ 116 ರನ್‌ಗಳ ಮುನ್ನಡೆ ಪಡೆದೂ ವಿದರ್ಭಕ್ಕೆ 5 ರನ್‌ಗಳಿಂದ ಸೋತಿತು. ಅಷ್ಟರಲ್ಲಿ ಗಣೇಶ್ ಸತೀಶ್ ವಿದರ್ಭದ ಆಟಗಾರರಾಗಿದ್ದರು. ಮೈಸೂರಿನಲ್ಲಿ ಕೈತಪ್ಪಿದ್ದು ಅವರಿಗೆ ಇನ್ನೊಂದು ನಾಡಿನ ಅಂಗಿಯಲ್ಲಿ ದೊರೆಯಿತು.

ಇಂತಹ ಸೋಲು ಹೆಚ್ಚು ನೋಯುವುದೇಕೆ? ಮನಸ್ಸು ಗೆಲುವನ್ನು ಮೊದಲೇ ಅನುಭವಿಸಿಬಿಟ್ಟಿರುತ್ತದೆ. ದೊರೆಯದ ವಸ್ತುವಿಗಿಂತ ದೊರೆತು ಕಳೆದುಹೋದ ವಸ್ತುವಿನ ಹಂಬಲ ಹೆಚ್ಚು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಸ್ಪರ್ಧಿಗಳ ಮುಖಭಾವವನ್ನು ಪರಿಶೀಲಿಸಿದ ಮನಶ್ಶಾಸ್ತ್ರಜ್ಞರು ಕಂಚು ಪಡೆದವರು ಬೆಳ್ಳಿ ಪಡೆದವರಿಗಿಂತ ಸಂತುಷ್ಟರಾಗಿ ಕಾಣುತ್ತಿದ್ದರೆಂದು 1995ರಲ್ಲಿ ಪ್ರಕಟಿಸಿದರು. ಕಂಚಿನವನು ಏನೂ ಸಿಗದವರ ಕಡೆ ನೋಡಿ ಸಮಾಧಾನಪಡುತ್ತಾನೆ, ಬೆಳ್ಳಿಯವನು ಕೈತಪ್ಪಿದ ಚಿನ್ನವನ್ನೇ ನೋಡುತ್ತಾನೆ. ಹೆಚ್ಚು ಪಡೆದವನಿಗೇ ಹೆಚ್ಚು ಸಂಕಟ! ಅಭಿಮಾನಿಯ ಸ್ಥಿತಿಯೂ ಇದೇ. 114ಕ್ಕೆ ವಿಕೆಟ್ಟಿಲ್ಲದ ತಂಡವನ್ನು ಕಂಡವನಿಗೆ 200 ರನ್ ದೊಡ್ಡ ಮೊತ್ತವಾಗಿ ಕಾಣುವುದಿಲ್ಲ, ಉಳಿದ ಒಂಬತ್ತು ರನ್ ಮಾತ್ರ ಕಾಣುತ್ತದೆ.

ಇನ್ನೊಂದು ಸಂಗತಿಯನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಅಮೆರಿಕೆಯ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದಾಗ “ನಾವು” ಎಂಬ ಮಾತನ್ನು ಹೆಚ್ಚಾಗಿ ಬಳಸುತ್ತಿದ್ದರು, ಸೋತಾಗ ಆ ಮಾತು ಹಿಂದೆ ಸರಿಯುತ್ತಿತ್ತು. ಹಟ್ಟಿಯ ಚಹಾದಂಗಡಿಯಲ್ಲಿಯೂ ವ್ಯಾಕರಣ ಹೀಗೆಯೇ ನಡೆಯುತ್ತದೆ. ರಾತ್ರಿ ಒಂಬತ್ತಕ್ಕೆ “ಹೊಡೀತೀವಿ” ಎನ್ನುವ ನಾಲಿಗೆ ಹನ್ನೊಂದಕ್ಕೆ “ಸೋತ್ರು ನೋಡ್ರಿ” ಎನ್ನುತ್ತದೆ. ಉತ್ತಮ ಪುರುಷ ಪ್ರಥಮ ಪುರುಷವಾಗುವ ಆ ಎರಡು ತಾಸುಗಳಲ್ಲಿಯೇ ಅಭಿಮಾನದ ಪರೀಕ್ಷೆ ನಡೆಯುತ್ತದೆ. ಗೆಲುವಿನಲ್ಲಿ ಪಾಲುಗಾರನಾದವನು ಸೋಲಿನಲ್ಲಿ ನ್ಯಾಯಾಧೀಶನಾಗಿಬಿಡುತ್ತಾನೆ.

ಈ ನ್ಯಾಯಾಧೀಶನ ಕೋಪ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 1996ರ ಮಾರ್ಚ್ 13 ಸಾಕ್ಷಿ. ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕೆಯ 251 ರನ್‌ಗೆ ಉತ್ತರವಾಗಿ ಭಾರತ ಒಂದು ವಿಕೆಟ್‌ಗೆ 98 ರನ್ ಗಳಿಸಿತ್ತು. ಸಚಿನ್ ತೆಂಡೂಲ್ಕರ್ ಔಟಾದರು. 22 ರನ್ ಸೇರುವಷ್ಟರಲ್ಲಿ ಏಳು ವಿಕೆಟ್ ಹೋದವು. 120ಕ್ಕೆ 8 ಆದಾಗ ಪ್ರೇಕ್ಷಕರು ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು. ರೆಫರಿ ಕ್ಲೈವ್ ಲಾಯ್ಡ್ ಪಂದ್ಯವನ್ನು ನಿಲ್ಲಿಸಿ ಶ್ರೀಲಂಕೆಗೆ ಕೊಟ್ಟರು. ಕರ್ನಾಟಕದ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮೂವರೂ ಅಂದು ತಂಡದಲ್ಲಿದ್ದರು. ಬೆಂಕಿಯಿಂದ ಒಂದು ರನ್ನೂ ಹೆಚ್ಚಾಗಲಿಲ್ಲ, ಸೋಲಿನ ಜೊತೆಗೆ ನಾಚಿಕೆಯೊಂದು ಸೇರಿತು.

ಇದಕ್ಕೆ ಕೇವಲ ನಾಲ್ಕು ದಿನ ಮೊದಲು, ಮಾರ್ಚ್ 9ರಂದು, ಬೆಂಗಳೂರಿನಲ್ಲಿ ಪಾಕಿಸ್ತಾನವು 288ರ ಗುರಿಯನ್ನು ಬೆನ್ನಟ್ಟಿ ಒಂದು ವಿಕೆಟ್‌ಗೆ 113 ರನ್ ಗಳಿಸಿತ್ತು. ಆಮೀರ್ ಸೊಹೈಲ್ ಬೌಂಡರಿಯ ಕಡೆ ಬ್ಯಾಟು ತೋರಿಸಿದ್ದು, ಮರು ಎಸೆತದಲ್ಲಿಯೇ ಪ್ರಸಾದ್ ಅವರ ಚೆಂಡಿಗೆ ಬೌಲ್ಡ್ ಆದದ್ದು ನಾಡಿನ ಮಕ್ಕಳಿಗೂ ಬಾಯಿಪಾಠ. ಅಂದು ಭಾರತ 39 ರನ್‌ಗಳಿಂದ ಗೆದ್ದಿತು. ಕನ್ನಡಿಗರು ಇಂದಿಗೂ ಸವಿಯುವ ಆ ಸಂಜೆ ಲಾಹೋರಿನ ಅಭಿಮಾನಿಗೆ ಕೈಗೆ ಬಂದ ತುತ್ತು ಜಾರಿದ ಸಂಜೆ. ಒಬ್ಬರ ಹಬ್ಬದೂಟ ಇನ್ನೊಬ್ಬರ ಉಪವಾಸ. ತನ್ನ ತಂಡದ ಕುಸಿತವನ್ನು ವಿಧಿಯ ಕ್ರೌರ್ಯವೆಂದೂ ಎದುರಾಳಿಯ ಕುಸಿತವನ್ನು ನ್ಯಾಯವೆಂದೂ ಎಣಿಸುವ ಅಭಿಮಾನಿಯು ಈ ಎರಡು ದಿನಾಂಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಸೋಲನ್ನು ಹೊರುವ ಬಗೆ ಯಾವುದು? ಅದಕ್ಕೂ ನಿದರ್ಶನವಿದೆ. 1999ರ ಜನವರಿ 31, ಚೆನ್ನೈನ ಚೆಪಾಕ್ ಮೈದಾನ. ಪಾಕಿಸ್ತಾನದ ವಿರುದ್ಧ ಟೆಸ್ಟ್ ಗೆಲ್ಲಲು ಭಾರತಕ್ಕೆ 271 ರನ್ ಬೇಕಿತ್ತು. ಆ ತಂಡದಲ್ಲಿ ಕರ್ನಾಟಕದ ಐವರಿದ್ದರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್ ಮತ್ತು ಗದಗಿನ ಸುನೀಲ್ ಜೋಶಿ. ಪಾಕಿಸ್ತಾನದ ಎರಡನೆಯ ಇನಿಂಗ್ಸಿನಲ್ಲಿ ಪ್ರಸಾದ್ 33 ರನ್‌ಗೆ 6 ವಿಕೆಟ್ ಪಡೆದಿದ್ದರು. ಬೆನ್ನುನೋವಿನಲ್ಲಿಯೇ ಆಡಿದ ತೆಂಡೂಲ್ಕರ್ 136 ರನ್ ಗಳಿಸಿ ಔಟಾದಾಗ ಮೊತ್ತ 254, ಬೇಕಾದದ್ದು 17. ಉಳಿದವರಿಂದ ಬಂದದ್ದು 4 ರನ್ ಮಾತ್ರ. ಜೋಶಿ, ಕುಂಬ್ಳೆ, ಶ್ರೀನಾಥ್ ಒಬ್ಬರ ಹಿಂದೊಬ್ಬರು ಔಟಾದರು. 12 ರನ್‌ಗಳ ಸೋಲು. ಕ್ಷಣಕಾಲ ಸ್ತಬ್ಧವಾದ ಚೆಪಾಕ್‌ನ ಜನಸ್ತೋಮ ಅನಂತರ ಎದ್ದುನಿಂತು ಗೆದ್ದ ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿತು, ಆ ತಂಡ ಮೈದಾನದ ಸುತ್ತ ಓಡಿ ಅದನ್ನು ಸ್ವೀಕರಿಸಿತು. ಸೋತವರು ಗೆದ್ದವರನ್ನು ಗೌರವಿಸಿದ ಆ ಮಧ್ಯಾಹ್ನವನ್ನು ಎರಡೂ ದೇಶಗಳ ಜನ ಇಂದಿಗೂ ನೆನೆಯುತ್ತಾರೆ. ಒಂದೇ ವಾರದಲ್ಲಿ, ಫೆಬ್ರುವರಿ 7ರಂದು, ದೆಹಲಿಯಲ್ಲಿ ಕುಂಬ್ಳೆ 74 ರನ್‌ಗೆ ಹತ್ತೂ ವಿಕೆಟ್ ಪಡೆದರು. ಚೆನ್ನೈನಲ್ಲಿ ಸೋಲಿನ ಭಾರ ಹೊತ್ತವರಲ್ಲಿ ಒಬ್ಬರಾಗಿದ್ದವರೇ ದೆಹಲಿಯಲ್ಲಿ ಚರಿತ್ರೆ ಬರೆದರು. ಸೋಲಿನ ರಾತ್ರಿ ಆಟಗಾರನನ್ನು ಹಳಿದು ಹಾಕುವ ಅಭಿಮಾನಿಗೆ ಮುಂದಿನ ವಾರ ಏನಾಗುವುದೆಂದು ಗೊತ್ತಿರುವುದಿಲ್ಲ.

ಗಣಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸಾವಿರ ಅಡಿಗೂ ಮೀರಿದ ಆಳದಿಂದ ಮೇಲೆತ್ತಿದ ಒಂದು ಟನ್ ಅದಿರನ್ನು ಪುಡಿಮಾಡಿ ಸಂಸ್ಕರಿಸಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಕಲ್ಲಿನ ರಾಶಿಯೇ ದೊಡ್ಡದು. ಆದರೂ ಒಂದು ಪಾಳಿಯಲ್ಲಿ ಕಡಿಮೆ ಬಂತೆಂದು ಯಾರೂ ದುಡಿದವನ ಕೈಯನ್ನು ಹಳಿಯುವುದಿಲ್ಲ. ತೆಂಡೂಲ್ಕರ್ ಅವರ 136, ಪಾಂಡೆಯವರ 144, ಕುಂಬ್ಳೆಯವರ 4 ವಿಕೆಟ್ ಸೋತ ಪಂದ್ಯಗಳಲ್ಲಿಯೇ ಬಂದವು. ಸೋತವೆಂದು ಅವುಗಳ ತೂಕ ಕಡಿಮೆಯಾಗಲಿಲ್ಲ. ಫಲಿತಾಂಶವನ್ನು ಮಾತ್ರ ನೋಡುವ ಕಣ್ಣಿಗೆ ದುಡಿಮೆ ಕಾಣುವುದಿಲ್ಲ.

ಹಟ್ಟಿಗೆ ಸಮೀಪದ ಗುರುಗುಂಟಾ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ನೆಲವೆಂದು ಪ್ರತೀತಿ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಸಲ್ಲದೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳುಹಿಸಿದಳೆಂಬ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಅಭಿಮಾನಿಯ ಸಂಕಟಕ್ಕೂ ಈ ಕಥೆಗೂ ಸಂಬಂಧವಿದೆ. ಹತ್ತು ಓವರು ಬಾಕಿ ಇರುವಾಗಲೇ ಗೆಲುವನ್ನು ಮನೆಗೆ ಹೊತ್ತು ತಂದವನು ತನಗೆ ಇನ್ನೂ ಸಲ್ಲದ ಅಕ್ಕಿಯನ್ನು ಉಡಿಯಲ್ಲಿ ಕಟ್ಟಿಕೊಂಡವನು. ಆಟವು ಅದನ್ನು ಹಿಂದಕ್ಕೆ ಕೇಳಿದಾಗ ತನ್ನದನ್ನೇ ಕಿತ್ತುಕೊಂಡರೆಂದು ಕೂಗುತ್ತಾನೆ. ಕೊನೆಯ ಎಸೆತದವರೆಗೆ ಗೆಲುವು ಯಾರದೂ ಅಲ್ಲವೆಂಬ ಎಚ್ಚರವಿದ್ದರೆ ದುಃಖ ಉಳಿದರೂ ದ್ವೇಷ ಉಳಿಯದು.

ಹೆಚ್ಚಿನ ಅಕ್ಕಿಗೆ ಕೈಚಾಚುವ ಇನ್ನೊಂದು ದಾರಿ ಪಣ. ಆಟದ ಮೇಲೆ ಹಣ ಕಟ್ಟಿದವನ ಸಂಕಟವನ್ನು ಅಭಿಮಾನವೆಂದು ಕರೆಯುವುದು ಸಲ್ಲದು, ಅದು ಜೂಜಿನ ಸಂಕಟ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಕಾಯಿದೆಯ ಕಣ್ಣು ಎಲ್ಲ ಅಂಗಡಿಗಳ ಹಿಂಬದಿಗೂ ಮುಟ್ಟದು. ತಿಂಗಳ ಪಗಾರವನ್ನು ಒಂದು ಓವರಿಗೆ ಕಟ್ಟಿ ಕಳೆದುಕೊಂಡವನ ಮನೆಯಲ್ಲಿ ಸೋತವರು ಆಟಗಾರರಲ್ಲ, ಹೆಂಡತಿ ಮಕ್ಕಳು.

ಸೋಲಿಗೆ ಬೇಕಾದ ಸಮಚಿತ್ತ ಗೆಲುವಿಗೂ ಬೇಕು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ, ಹದಿನೆಂಟನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಐಪಿಎಲ್ ಕಪ್ ಎತ್ತಿತು. 2009ರಲ್ಲಿ ಸೋತ ಅಂತರವೇ ಈಗ ಗೆದ್ದ ಅಂತರವಾಯಿತು. “ಈ ಸಲ ಕಪ್ ನಮ್ದೇ” ಎಂದು ವರ್ಷವರ್ಷವೂ ನಗೆಗೀಡಾದವರ ಕಣ್ಣಲ್ಲಿ ನೀರು ಬಂದದ್ದು ಸಹಜ. ಆದರೆ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಉಂಟಾದ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಬಿಟ್ಟರು. ವ್ಯವಸ್ಥೆ ಮಾಡಬೇಕಾದವರ ಹೊಣೆ ದೊಡ್ಡದು, ಅದನ್ನು ಜನಸಂದಣಿಯ ಮೇಲೆ ಹೊರಿಸಿ ಕೈತೊಳೆಯಲಾಗದು. ಆದರೆ ಅಭಿಮಾನಿಗಳೆಲ್ಲರೂ ಅಂದು ಕಲಿಯಬೇಕಾದದ್ದೊಂದಿತ್ತು. 2016ರ ಸೋಲಿನ ರಾತ್ರಿ ಅದೇ ಮೈದಾನದಿಂದ ಭಾರವಾದ ಹೆಜ್ಜೆಯಲ್ಲಿ ಹೊರಬಂದವರು ಮನೆ ಸೇರಿದರು. ಗೆಲುವಿನ ಮರುದಿನ ಹೊರಟ ಹನ್ನೊಂದು ಜನ ಮನೆ ಸೇರಲಿಲ್ಲ. ಯಾವುದು ನಿಜವಾದ ನಷ್ಟವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ತಕ್ಕಡಿ ಬೇಕಿಲ್ಲ.

ಆದುದರಿಂದ ಗೆದ್ದ ಆಟ ಸೋತ ರಾತ್ರಿ ಅಭಿಮಾನಿಗೆ ಮಾಡಲಿರುವ ಕೆಲಸ ಸಣ್ಣದು. ದುಃಖವಾಯಿತೆಂದು ಒಪ್ಪಿಕೊಳ್ಳುವುದು. ಗೆದ್ದವರ ಆಟವನ್ನು ಮೆಚ್ಚುವುದು. ಆಟಗಾರನ ತಾಯಿ, ತಂಗಿ, ಹೆಂಡತಿಯ ಹೆಸರೆತ್ತಿ ಮೊಬೈಲಿನಲ್ಲಿ ಕೊಳಕು ಬರೆಯದಿರುವುದು. “ಗೆದ್ದೆವು” ಎಂದ ಬಾಯಿಯಿಂದಲೇ “ಸೋತೆವು” ಎನ್ನುವುದು. ಬೆಳಗಿನ ಪಾಳಿಗೆ ಹೊತ್ತಿಗೆ ಸರಿಯಾಗಿ ಹೋಗುವುದು. ಮೈಸೂರಿನಲ್ಲಿ 6 ರನ್‌ಗಳಿಂದ ಸೋತ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತವಾಗಿ ಎರಡು ಬಾರಿ ರಣಜಿ ಗೆದ್ದಿತು. ನಡುವಿನ ನಾಲ್ಕು ವರ್ಷ ಆ ತಂಡದ ಜೊತೆಗೆ ಸುಮ್ಮನೆ ಉಳಿದವರಿಗೇ ಆ ಗೆಲುವಿನ ರುಚಿ ಪೂರ್ತಿಯಾಗಿ ದಕ್ಕಿತು.